ನುಣುಪು ಮುಖ ಕೆಳಕ್ಕೆ

ನಾನು ನಕ್ಷೆ ಹಾಕಿದ ಮೊದಲ ಮನೆಯಲ್ಲಿ ಒಂದು ಮೊಳೆ ಹೊಡೆಯಲು ಜಾಗವಿರಲಿಲ್ಲ. ಅದನ್ನು ನನಗೆ ತೋರಿಸಿಕೊಟ್ಟವರು ಮಹದೇವಮ್ಮ. ಮಾದರಿ ಮನೆ ನೋಡಲು ಬಂದಿದ್ದ ಹೆಂಗಸರ ಗುಂಪಿನಲ್ಲಿ ಅವರೂ ಇದ್ದರು. ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, "ಸ್ವಾಮಿ, ದೇವ್ರ ಪಟ ಎಲ್ಲಿಗೆ ತಗಲಾಕೋದು?" ಎಂದು ಕೇಳಿದರು.

"ಮೊಳೆ ಹೊಡೆಯಬಾರದಮ್ಮ. ಗೋಡೆ ಎರಡೇ ಇಂಚು ದಪ್ಪ. ಬಿರುಕು ಬಿಡುತ್ತೆ" ಎಂದೆ.

"ಮತ್ತೆ ತೊಟ್ಟಿಲು?"

"ಛಾವಣಿಗೂ ಏನೂ ಕಟ್ಟಬಾರದು."

"ಅಂಗಾರೆ ಇದು ಇರೋಕ್ಕೆ ಮಾಡಿರೋ ಮನೆ ಅಲ್ಲ, ನೋಡ್ಕಂಡು ಓಗೋಕ್ಕೆ ಮಾಡಿರೋದು" ಎಂದರು. ಹೆಂಗಸರೆಲ್ಲ ನಕ್ಕರು. ಪಕ್ಕದಲ್ಲಿದ್ದ ನಮ್ಮ ಎರಕದ ಮೇಸ್ತ್ರಿ ಸಿದ್ದರಾಜು, ಮಹದೇವಮ್ಮನ ಒಡಹುಟ್ಟಿದ ತಮ್ಮ. ಅವರಿಗೆ ಮುಜುಗರವಾಯಿತು. "ಅಕ್ಕ, ಸುಮ್ಕಿರು. ಸಾರು ಓದಿರೋರು, ಎಲ್ಲಾ ಯೋಚ್ನೆ ಮಾಡೇ ಬರ್ದಿರ್ತಾರೆ" ಎಂದು ಅಕ್ಕನನ್ನು ಗದರಿದರು. ನಾನೂ ಎಲ್ಲರೊಂದಿಗೆ ನಕ್ಕೆ. ಕೈಯಲ್ಲಿದ್ದ ಪುಸ್ತಕದಲ್ಲಿ ಏನನ್ನೂ ಬರೆದುಕೊಳ್ಳಲಿಲ್ಲ.

ನಿವೃತ್ತಿಯಾದ ಮೇಲೆ, ಈ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವು ಹುಡುಗ ಹುಡುಗಿಯರು ಮನೆಗೆ ಬಂದು, ನಿಮ್ಮ ಕಾಲದ ಅನುಭವ ಬರೆದುಕೊಡಿ ಎಂದು ಕೇಳಿದರು. ಕಾರ್ಖಾನೆಯಲ್ಲಿ ಮನೆ ಎರೆದು ಜೋಡಿಸುವ ಕೆಲಸವನ್ನು ಈ ಕಡೆ ಮೊದಲು ಮಾಡಿದವರಲ್ಲಿ ನಾನೂ ಒಬ್ಬ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ಅದು ನಿಜವೇ. ಆದರೆ ಅವರು ಕೇಳಲು ಬಯಸಿದ್ದು ಇದನ್ನಲ್ಲ ಎಂದು ನನಗೆ ಗೊತ್ತು. ನನಗೆ ಬರೆಯಲು ಇರುವುದು ಇದೇ.

ತೊಂಬತ್ತರ ದಶಕದ ನಡುವಿನ ಮಾತು. ಎರಕ ಹುಯ್ಯುವ ನಮ್ಮ ಯಾರ್ಡು ನಂಜನಗೂಡಿನ ಕೈಗಾರಿಕಾ ಪ್ರದೇಶದ ಅಂಚಿನಲ್ಲಿತ್ತು. ಸಂಸ್ಥೆಯ ಹೆಸರು ಇಲ್ಲಿ ಬೇಡ, ತಪ್ಪು ನನ್ನದು. ಟಿ. ನರಸೀಪುರದ ಹತ್ತಿರ ಹೊಳೆ ಏರಿದಾಗಲೆಲ್ಲ ನೀರು ನುಗ್ಗುತ್ತಿದ್ದ ಕೆಲವು ಬೀದಿಗಳಿದ್ದವು. ಆ ಬೀದಿಗಳ ಕುಟುಂಬಗಳಿಗೆ ಎತ್ತರದ ಜಾಗದಲ್ಲಿ ಹೊಸ ಬಡಾವಣೆ ಮಾಡಿ, ಕಡಿಮೆ ಖರ್ಚಿನಲ್ಲಿ ಬೇಗ ಮನೆ ಕಟ್ಟಿಕೊಡಬೇಕಿತ್ತು. ಗೋಡೆ, ಛಾವಣಿ, ಬಾಗಿಲ ಮೇಲಿನ ಸಜ್ಜ ಎಲ್ಲವನ್ನೂ ಕಬ್ಬಿಣದ ಅಚ್ಚುಗಳಲ್ಲಿ ಕಾಂಕ್ರೀಟು ಎರೆದು ಹಲಗೆಗಳಂತೆ ತಯಾರಿಸುತ್ತಿದ್ದೆವು. ಅವು ಗಟ್ಟಿಯಾದ ಮೇಲೆ ಲಾರಿಯಲ್ಲಿ ಸಾಗಿಸಿ, ಅಲ್ಲಿ ಕ್ರೇನಿನಿಂದ ಎತ್ತಿ ಜೋಡಿಸುತ್ತಿದ್ದೆವು. ಒಂದು ಮನೆಯ ಗೋಡೆ ಛಾವಣಿ ಎರಡು ದಿನದಲ್ಲಿ ನಿಲ್ಲುತ್ತಿತ್ತು. ಬಿಸಿಲಿನಲ್ಲಿ ಜನ ಗುಂಪುಗೂಡಿ ನೋಡುತ್ತಿದ್ದರು. ಆ ಹೊತ್ತಿಗೆ ನನಗೆ ನನ್ನ ಮೇಲೆ ಇದ್ದ ಅಭಿಮಾನ ಅಷ್ಟಿಷ್ಟಲ್ಲ.

ನಕ್ಷೆ ನನ್ನದು. ಅದನ್ನು ಪಾರದರ್ಶಕ ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಬರೆದು, ನೀಲಿ ಪ್ರತಿ ತೆಗೆದು ಯಾರ್ಡಿಗೆ ಕಳಿಸುತ್ತಿದ್ದೆ. ಅದನ್ನು ನೋಡಿಕೊಂಡು ಎರಕ ಹುಯ್ಯುವವರು ಸಿದ್ದರಾಜು. ಆಗ ನಾನು ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ನನಗಿಂತ ಎರಡು ವರ್ಷ ದೊಡ್ಡವರು. ಅದೇ ಹೊಳೆದಡದ ಬೀದಿಯವರು. ಹೊಸ ಬಡಾವಣೆಯಲ್ಲಿ ಅವರಿಗೂ ಅವರ ಅಕ್ಕನಿಗೂ ಎದುರುಬದುರು ಮನೆ ಮಂಜೂರಾಗಿತ್ತು.

ನಮ್ಮ ಮೇಲಧಿಕಾರಿ ಕೃಷ್ಣಸ್ವಾಮಿ ಎಂಬವರು. ಮಾತು ಕಡಿಮೆ, ಕಣ್ಣು ಚುರುಕು. ಬಾಗಿಲಿನ ಅಗಲ ನಿರ್ಧರಿಸುವ ಮುಂಚೆ ನನ್ನನ್ನು ಕರೆದು, "ಹುಲ್ಲಹಳ್ಳಿ ಸಂತೆಗೆ ಹೋಗಿ ಬಾರಯ್ಯ. ಟೇಪು ತಗೊಂಡು ಹೋಗು. ತಲೆ ಮೇಲೆ ಹೊರುವ ಕುಕ್ಕೆ ಎಷ್ಟು ಅಗಲ ಇರುತ್ತೆ, ಅಳೆದುಕೊಂಡು ಬಾ. ಅದು ದಾಟದ ಬಾಗಿಲು ಬಾಗಿಲಲ್ಲ" ಎಂದರು. ನಾನು ಬಸ್ಸು ಹತ್ತಿ ಹೋದೆ. ಸಂತೆಯಲ್ಲಿ ಟೇಪು ಬಿಚ್ಚಿ ಹೆಂಗಸರ ಕುಕ್ಕೆಗೆ ಹಿಡಿಯಲು ನಾಚಿಕೆಯಾಯಿತು. ಇಂಜಿನಿಯರ್ ಆದವನು ಕುಕ್ಕೆ ಅಳೆಯುವುದೇ? ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತು ಎರಡು ಕಾಫಿ ಕುಡಿದು, ಹತ್ತು ಕುಕ್ಕೆಗಳ ಅಳತೆಯನ್ನು ಮನಸ್ಸಿಗೆ ಬಂದಂತೆ ಬರೆದುಕೊಂಡು ವಾಪಸಾದೆ. ಕೃಷ್ಣಸ್ವಾಮಿಯವರು ಚೀಟಿ ನೋಡಿ ತಲೆಯಾಡಿಸಿದರು. ನಮ್ಮ ಅಚ್ಚಿಗೆ ಅನುಕೂಲವಾಗುವ ಅಗಲವನ್ನೇ ಬಾಗಿಲಿಗೆ ಕೊಟ್ಟೆ. ಇವತ್ತಿಗೂ ಆ ಬಡಾವಣೆಯ ಹೆಂಗಸರು ಕುಕ್ಕೆಯನ್ನು ಹೊಸ್ತಿಲ ಹೊರಗೆ ಇಳಿಸಿ, ಓರೆ ಮಾಡಿ ಒಳಗೆ ತೆಗೆದುಕೊಂಡು ಹೋಗುತ್ತಾರೆ.

ಅಡುಗೆ ಮನೆಯದು ಇನ್ನೊಂದು. ನಿಂತು ಬೇಯಿಸಲಿ ಎಂದು ಸೊಂಟದೆತ್ತರದ ಕಟ್ಟೆ ಕೊಟ್ಟೆ. ಅವರ ಹತ್ತಿರ ಇದ್ದದ್ದು ಸೌದೆ ಒಲೆ. ಕಟ್ಟೆಯ ಮೇಲೆ ಒಲೆ ಹೂಡಿದರೆ ಉರಿ ಮುಖಕ್ಕೆ ಬರುತ್ತಿತ್ತು, ಹೊಗೆ ಹೋಗಲು ನಾನು ದಾರಿ ಬಿಟ್ಟಿರಲಿಲ್ಲ. ಮೂರೇ ತಿಂಗಳಲ್ಲಿ ಎಲ್ಲರೂ ಹಿತ್ತಿಲಲ್ಲಿ ತಗಡು ಮರೆ ಮಾಡಿಕೊಂಡು ಅಡುಗೆ ಹೊರಗೆ ಹಾಕಿದರು. ಕಟ್ಟೆಯ ಮೇಲೆ ಕೋಳಿಗಳು ಮೊಟ್ಟೆಯಿಡತೊಡಗಿದವು. ವರದಿಯಲ್ಲಿ ನಾನು ಬರೆದ ವಾಕ್ಯ ಹೀಗಿತ್ತು: "ಫಲಾನುಭವಿಗಳಿಗೆ ಹೊಸ ಬಗೆಯ ಮನೆಯ ಬಳಕೆಯ ಬಗ್ಗೆ ತಿಳಿವಳಿಕೆ ನೀಡಬೇಕಾಗಿದೆ."

ಇವೆಲ್ಲ ಸಣ್ಣ ತಪ್ಪುಗಳು. ಸ್ನೇಹಿತರ ಜೊತೆ ಕೂತಾಗ ಹೇಳಿ ನಗಬಹುದು, ನಕ್ಕೂ ಇದ್ದೇನೆ. ಇನ್ನು ಹೇಳುವುದನ್ನು ನಿವೃತ್ತಿಯಾಗುವವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ.

ಸಜ್ಜ ಎಂದರೆ ಗೋಡೆಯಿಂದ ಮುಂದಕ್ಕೆ ಚಾಚಿದ ಹಲಗೆ. ಅದರ ಮೇಲೆ ಭಾರ ಬಿದ್ದರೆ ಮೇಲ್ಭಾಗ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ಆದ್ದರಿಂದ ಒಳಗಿನ ಕಬ್ಬಿಣದ ಕಂಬಿ ಮೇಲ್ಭಾಗದಲ್ಲೇ ಇರಬೇಕು. ಆದರೆ ಎರಕ ಹುಯ್ಯುವಾಗ ಕಂಬಿ ಅಚ್ಚಿನ ತಳಕ್ಕೆ ಹತ್ತಿರ ಕೂರುತ್ತದೆ. ಹಾಗಾಗಿ ನಮ್ಮ ಸಜ್ಜಗಳನ್ನು ಅಚ್ಚಿನಿಂದ ತೆಗೆದು, ಜೋಡಿಸುವಾಗ ಮಗುಚಿ ಹಾಕಬೇಕಿತ್ತು. ಅಚ್ಚಿನ ತಳ ಮುಟ್ಟಿದ ನುಣುಪು ಮುಖ ಮೇಲೆ, ಒರಟು ಮುಖ ಕೆಳಗೆ. ಇದನ್ನು ನಕ್ಷೆಯಲ್ಲಿ ಒಂದು ಬಾಣ ಬರೆದು, "ಈ ಮುಖ ಮೇಲೆ" ಎಂದು ತೋರಿಸಬೇಕು. ನಾನು ಅದನ್ನು ಬರೆಯಲು ಮರೆತಿದ್ದೆ.

ಮೊದಲ ಕಂತಿನ ಮನೆಗಳು ಗುರುತಿಲ್ಲದೆಯೂ ಸರಿಯಾಗಿಯೇ ಬಂದವು. ಸಿದ್ದರಾಜು ಸ್ವಂತ ತಿಳಿವಳಿಕೆಯಿಂದ ಮಗುಚಿಸಿ ಹಾಕಿಸಿದ್ದರು. ಎರಡನೇ ಕಂತು ಶುರುವಾಗುವ ದಿನ ಬೆಳಿಗ್ಗೆ ನೀಲಿ ಪ್ರತಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

"ಸಾ, ಸಜ್ಜದ್ದು ಯಾವ ಮಕ ಮ್ಯಾಲಕ್ಕೆ ಅಂತ ಇದ್ರಾಗೆ ಕಾಣ್ನಿಲ್ಲ. ಇದುವರ್ಗೂ ನಾನೇ ಅಂದಾಜ್ನಲ್ಲಿ ಮಾಡುಸ್ದೆ. ಜೋಡ್ಸೋಕ್ಕೆ ಬೇರೆ ಗ್ಯಾಂಗ್ ಬತ್ತಾ ಅದೆ. ನೀವು ಒಂದ್ ಗುರ್ತು ಹಾಕ್ಬುಟ್ರೆ ಒಳ್ಳೇದು."

ಅವತ್ತು ಮಧ್ಯಾಹ್ನ ಮೇಲಿನವರು ಬಡಾವಣೆ ನೋಡಲು ಬರುವುದಿತ್ತು. ಮೊದಲ ಕಂತಿನ ಸಜ್ಜಗಳ ಒರಟು ಮುಖ ಕೆಳಗಿನಿಂದ ಕಂಡು ಅಸಹ್ಯವಾಗಿದೆ ಎಂದು ಹಿಂದಿನ ಸಲ ಯಾರೋ ಟೀಕೆ ಮಾಡಿದ್ದರು. ನನ್ನ ತಲೆಯಲ್ಲಿ ಅದೊಂದೇ ಇತ್ತು. ಸಿದ್ದರಾಜು ಕೈಯಲ್ಲಿದ್ದ ಹಾಳೆಯನ್ನು ಕೂಡ ನೋಡದೆ, "ನುಣುಪು ಮುಖ ಕೆಳಕ್ಕೆ ಬರಲಿ ಕಣಯ್ಯ. ಜನ ಕೆಳಗಿನಿಂದ ತಾನೇ ನೋಡೋದು?" ಎಂದೆ.

"ಕಂಬಿ..." ಎಂದು ಅವರು ಶುರು ಮಾಡಿದರು.

"ಕಂಬಿ ಲೆಕ್ಕ ನಾನು ನೋಡ್ಕೋತೀನಿ. ನೀನು ಎರಕ ನೋಡ್ಕೋ."

ಅವರು ನೀಲಿ ಪ್ರತಿ ಮಡಿಚಿಕೊಂಡರು. "ಆಯ್ತು ಸಾ" ಎಂದು ಹೋದರು. ಎರಡನೇ ಕಂತಿನ ಅಷ್ಟೂ ಸಜ್ಜಗಳು ತಲೆಕೆಳಗಾಗಿ ಕೂತವು. ನೋಡಲು ಚೆಂದವಾಗಿದ್ದವು.

ಮಹದೇವಮ್ಮನಿಗೆ ಸಿಕ್ಕಿದ್ದು ಎರಡನೇ ಕಂತಿನ ಮನೆ. ಪೂಜೆ ಮಾಡಿ ಒಕ್ಕಲು ಬಂದಾಗ ನಮ್ಮನ್ನೂ ಕರೆದಿದ್ದರು. ಮೊಳೆಯ ಮಾತು ಆಡಿದ ಅದೇ ಹೆಂಗಸು ಬಂದವರಿಗೆಲ್ಲ ಗೋಡೆ ಮುಟ್ಟಿಸಿ, "ನನ್ ತಮ್ಮ ಕೈಯಾರೆ ಎರಕ ಹುಯ್ದಿರೋ ಮನೆ ಕಣ್ರವ್ವ" ಎಂದು ಹೇಳುತ್ತಿದ್ದರು. ಸಿದ್ದರಾಜು ಬಾಗಿಲ ಹತ್ತಿರ ಹೊಸ ಪಂಚೆ ಉಟ್ಟು ನಿಂತಿದ್ದರು. ಅಕ್ಕ ಹಾಗೆಂದಾಗಲೆಲ್ಲ ಬೇರೆ ಕಡೆ ಮುಖ ತಿರುಗಿಸುತ್ತಿದ್ದರು.

ಅದಾಗಿ ಎಂಟು ಹತ್ತು ತಿಂಗಳಿರಬೇಕು. ಮಳೆ ಹಿಡಿದುಬಿಟ್ಟಿತ್ತು. ನೆಲದ ನೀರಿಗೆ ಸೌದೆ ನೆನೆಯದಂತೆ ಜನ ಅದನ್ನು ಸಜ್ಜದ ಮೇಲೆ ಪೇರಿಸಿ ಪ್ಲಾಸ್ಟಿಕ್ ಹೊದಿಸುತ್ತಿದ್ದರು. ಆ ಮನೆಗಳಲ್ಲಿ ಬೇರೆಲ್ಲೂ ಇಡಲು ಜಾಗವಿರಲಿಲ್ಲ. ಹನ್ನೊಂದು ಗಂಟೆಯ ಹೊತ್ತಿನಲ್ಲಿ ಮಹದೇವಮ್ಮ ಬಾಗಿಲಲ್ಲಿ ಕೂತು ಅಕ್ಕಿ ಕೇರುತ್ತಿದ್ದಾಗ ಮೇಲಿದ್ದ ಸಜ್ಜ ಗೋಡೆಯ ಸಮಕ್ಕೆ ಮುರಿದು, ಸೌದೆ ಸಮೇತ ಅವರ ಎಡ ತೋಳಿನ ಮೇಲೆ ಬಿತ್ತು. ಒಂದು ಗೇಣು ಈಚೆ ಬಿದ್ದಿದ್ದರೆ ತಲೆಗೆ. ಮೊಣಕೈ ಮೂಳೆ ಪುಡಿಯಾಗಿತ್ತು. ಮೈಸೂರಿಗೆ ಕರೆದುಕೊಂಡು ಹೋಗಿ ಸರಳು ಹಾಕಿಸಿದರು. ಆ ಕೈ ಮತ್ತೆ ಎಂದೂ ನೆಟ್ಟಗಾಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಸ್ಥಳಕ್ಕೆ ಹೋದಾಗ ಮುರಿದ ತುಂಡು ಅಂಗಳದಲ್ಲೇ ಇತ್ತು. ಕಂಬಿ ಎಲ್ಲಿದೆ ಎಂದು ಕಾಣಲು ಎರಡನೇ ಸಲ ನೋಡಬೇಕಾಗಿರಲಿಲ್ಲ. ತಳದಲ್ಲಿತ್ತು. ನನಗೆ ಮೊದಲು ನೆನಪಾದದ್ದು ಮಹದೇವಮ್ಮನ ಕೈಯಲ್ಲ, ನನ್ನ ನಕ್ಷೆ. ಯಾರಿಗೂ ಏನೂ ಹೇಳದೆ ಬಸ್ಸು ಹತ್ತಿ ಕಚೇರಿಗೆ ಬಂದೆ. ಊಟದ ಹೊತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ. ಮೂಲ ಟ್ರೇಸಿಂಗ್ ಹಾಳೆ ತೆಗೆದು ಮೇಜಿನ ಮೇಲೆ ಹರಡಿದೆ. ಪೆನ್ನಿಗೆ ಇಂಕು ತುಂಬಿ ಸಜ್ಜದ ಚಿತ್ರದ ಪಕ್ಕದಲ್ಲಿ ಒಂದು ಬಾಣ ಎಳೆದೆ. "ಈ ಮುಖ ಮೇಲೆ" ಎಂದು ಬರೆದೆ. ಅಕ್ಷರ ನಡುಗಲಿಲ್ಲ. ಇವತ್ತಿಗೂ ನನಗೆ ಭಯವಾಗುವುದು ಅದನ್ನು ನೆನೆದರೆ. ನನ್ನ ಕೈ ಯಾವಾಗಲೂ ಬರೆಯುವ ಹಾಗೆ ನೀಟಾಗಿ ಬರೆಯಿತು. ಇಂಕು ಒಣಗಿದ ಮೇಲೆ ಹೊಸ ನೀಲಿ ಪ್ರತಿ ತೆಗೆದು ಫೈಲಿಗೆ ಹಾಕಿದೆ.

ವಿಚಾರಣೆಗೆ ಮೈಸೂರಿನಿಂದ ಒಬ್ಬ ಹಿರಿಯ ಅಧಿಕಾರಿ ಬಂದರು. ಯಾರ್ಡಿನ ಕಚೇರಿಯಲ್ಲೇ ಕೂತರು. ಕೃಷ್ಣಸ್ವಾಮಿಯವರು, ನಾನು, ಸಿದ್ದರಾಜು. ನಮ್ಮ ಮೂವರಲ್ಲಿ ನಿಂತಿದ್ದವರು ಸಿದ್ದರಾಜು ಒಬ್ಬರೇ. ಅಧಿಕಾರಿ ನಕ್ಷೆ ಬಿಡಿಸಿ ನೋಡಿ, "ಇಲ್ಲಿ ಸ್ಪಷ್ಟವಾಗಿ ಗುರುತಿದೆಯಲ್ಲ. ಯಾಕೆ ಉಲ್ಟಾ ಹಾಕಿಸಿದೆ?" ಎಂದು ಅವರನ್ನು ಕೇಳಿದರು.

ಸಿದ್ದರಾಜು ಬಗ್ಗಿ ನೋಡಿದರು. ಆಮೇಲೆ ಅಂಗಿಯ ಜೇಬಿನಿಂದ ತಮ್ಮ ಪ್ರತಿ ತೆಗೆದರು. ಮಡಿಕೆಗಳಲ್ಲಿ ಹರಿದು, ಸಿಮೆಂಟು ಮೆತ್ತಿಕೊಂಡಿದ್ದ ಹಾಳೆ. "ಸಾ, ನನ್ ತಾವು ಇರೋದ್ರಲ್ಲಿ ಗುರ್ತಿಲ್ಲ ನೋಡಿ."

ಅಧಿಕಾರಿ ನನ್ನ ಕಡೆ ನೋಡಿದರು. ನಾನು ಹೇಳಿದೆ: "ಅದು ಹಳೆಯ ಪ್ರತಿ ಸರ್. ತಿದ್ದಿದ ಪ್ರತಿ ಯಾರ್ಡಿಗೆ ಕಳಿಸಿದ್ದೆ. ಇವರು ಹಳೆಯದನ್ನೇ ಇಟ್ಟುಕೊಂಡು ಕೆಲಸ ಮಾಡಿದ್ದಾರೆ."

ಸಿದ್ದರಾಜು ನನ್ನತ್ತ ತಿರುಗಿದರು. ಸಿಟ್ಟಿನಿಂದಲ್ಲ. ಏನೋ ಮರೆತವನಿಗೆ ನೆನಪು ಮಾಡಿಕೊಡುವಂತೆ, "ಸಾ, ಅವತ್ತು ಬೆಳಿಗ್ಗೆ ನಾನು ಬಂದು ಕೇಳ್ಲಿಲ್ವಾ? ನುಣ್ಣಗಿರೋ ಮಕ ಕೆಳಕ್ಕೆ ಅಂತ ನೀವೇ ಏಳಿದ್ರಲ್ಲ" ಎಂದರು.

"ಹಾಗೆ ಹೇಳಿದ ನೆನಪಿಲ್ಲ" ಎಂದೆ.

ಅವರು ಹಾಳೆಯನ್ನು ಮೊದಲಿನ ಮಡಿಕೆಗಳಲ್ಲೇ ಮಡಿಚಿ ಜೇಬಿಗಿಟ್ಟುಕೊಂಡರು. ಬೇರೆ ಮನೆಗಳ ಸಜ್ಜ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ, ಎರಕದ ಮೇಸ್ತ್ರಿಯ ನಿರ್ಲಕ್ಷ್ಯ ಎಂದು ವರದಿಯಾಯಿತು. ವಾರದೊಳಗೆ ಅವರನ್ನು ಕೆಲಸದಿಂದ ತೆಗೆದರು.

ಅಧಿಕಾರಿ ಹೋದ ಮೇಲೆ ಕೃಷ್ಣಸ್ವಾಮಿಯವರು ಮೂಲ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಆ ಬಾಣದ ಇಂಕು ಉಳಿದದ್ದಕ್ಕಿಂತ ಕಪ್ಪಾಗಿದೆ ಕಣಯ್ಯ" ಎಂದರು. ಅಷ್ಟೇ. ಹಾಳೆಯನ್ನು ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅದರ ಕೆಳಗೆ ಅವರ ರುಜುವೂ ಇತ್ತು. ಅಲ್ಲಿಯವರೆಗೆ ಅವರು ನನಗೆ ಗುರುವಿನಂತಿದ್ದರು. ಅಂದಿನಿಂದ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವುದು ನಿಂತುಹೋಯಿತು.

ಬಡಾವಣೆಯಲ್ಲಿ ವರದಿಯ ಸುದ್ದಿ ಹರಡಿತು. ಸ್ವಂತ ಅಕ್ಕನ ಮನೆಯ ಎರಕವನ್ನೇ ಸರಿಯಾಗಿ ಹುಯ್ಯದವನು ಎಂದು ಜನ ಸಿದ್ದರಾಜುವನ್ನು ಆಡಿಕೊಂಡರು. ಮನೆ ಮನೆಯವರೂ ಬಂದು ನಮ್ಮದು ಯಾವಾಗ ಬೀಳುತ್ತದೆ ಎಂದು ಜಗಳ ತೆಗೆದರು. ಮಹದೇವಮ್ಮ ತಮ್ಮನ ಜೊತೆ ಮಾತು ಬಿಟ್ಟರು. ಕೊನೆಗೆ ಸಿದ್ದರಾಜು ಎದುರಿನ ತಮ್ಮ ಮನೆಗೆ ಬೀಗ ಹಾಕಿ, ಹೆಂಡತಿಯ ಊರಾದ ಹದಿನಾರು ಎಂಬ ಹಳ್ಳಿಗೆ ಹೋಗಿಬಿಟ್ಟರು. ಇದೆಲ್ಲ ನನಗೆ ಯಾರ್ಡಿನ ಕೆಲಸಗಾರರಿಂದ ತಿಳಿಯಿತು. ನಾನು ಆ ಕಡೆ ತಲೆ ಹಾಕಲಿಲ್ಲ.

ಆದರೆ ಉಳಿದ ಮನೆಗಳ ಸಜ್ಜಗಳು ತಲೆಕೆಳಗಾಗಿಯೇ ಇದ್ದವಲ್ಲ. ಅದನ್ನು ಬಾಯಿಬಿಟ್ಟು ಹೇಳಿದರೆ, ಮೇಸ್ತ್ರಿ ಒಂದೆರಡು ಕಡೆ ತಪ್ಪು ಮಾಡಿದ್ದಲ್ಲ, ಹೇಳಿದ್ದನ್ನೇ ಮಾಡಿದ್ದು ಎಂಬುದು ಬಯಲಿಗೆ ಬರುತ್ತಿತ್ತು. ನಾನು ಬೇರೆ ದಾರಿ ಹುಡುಕಿದೆ. ಸಜ್ಜದ ಕೆಳಗೆ ಕಬ್ಬಿಣದ ಕೋನಪಟ್ಟಿಯ ಬ್ರಾಕೆಟ್ ಹಾಕಿದರೆ ಇನ್ನೂ ಭದ್ರ, ಜನ ಸಾಮಾನು ಇಡಲೂ ಅನುಕೂಲ ಎಂದು ಒಂದು ಪ್ರಸ್ತಾವ ಬರೆದೆ. ಅದಕ್ಕೆ ಒಪ್ಪಿಗೆ ಸಿಕ್ಕಿತು. ಎರಡು ತಿಂಗಳಲ್ಲಿ ಎಲ್ಲ ಮನೆಗಳಿಗೂ ಹಾಕಿಸಿದೆ. ಮುಂದೆ ಯಾರಿಗೂ ಪೆಟ್ಟಾಗಲಿಲ್ಲ. ಆಮೇಲೆ ಬೇರೆ ಊರುಗಳಲ್ಲಿ ಕಟ್ಟಿದ ಮನೆಗಳಿಗೂ ಅದೇ ಬ್ರಾಕೆಟ್ ಮಾದರಿಯಾಯಿತು. ಒಂದು ಸಭೆಯಲ್ಲಿ ನನಗೆ ಶಾಲು ಹೊದಿಸಿ, ಬಳಸುವವರ ಕಷ್ಟ ಅರಿತ ವಿನ್ಯಾಸಕಾರ ಎಂದರು. ಕೃಷ್ಣಸ್ವಾಮಿಯವರು ಮೊದಲ ಸಾಲಿನಲ್ಲಿ ಕೂತಿದ್ದರು. ಚಪ್ಪಾಳೆ ತಟ್ಟಿದರೋ ಇಲ್ಲವೋ ನೋಡುವ ಧೈರ್ಯ ನನಗಾಗಲಿಲ್ಲ.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಕಂಪ್ಯೂಟರು ಬಂತು. ಇಂಕು, ಟ್ರೇಸಿಂಗ್ ಹಾಳೆ, ನೀಲಿ ಪ್ರತಿ ತೆಗೆಯುವಾಗಿನ ಅಮೋನಿಯಾದ ವಾಸನೆ ಎಲ್ಲ ಹೋಯಿತು. ಒಂದು ಮನೆಯ ನಕ್ಷೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಲು ನಮಗೆ ಎರಡು ದಿನ ಬೇಕಾಗುತ್ತಿತ್ತು, ಈಗ ಒಂದು ಗುಂಡಿ ಒತ್ತಿದರೆ ಆಯಿತು. ಹೊಸಬರಿಗೆ ನಾನು ಪಾಠ ಹೇಳುತ್ತಿದ್ದೆ: ಯಾವ ಮುಖ ಮೇಲೆ ಎಂದು ಬರೆಯದೆ ಒಂದು ಹಾಳೆಯೂ ಕೋಣೆಯಿಂದ ಆಚೆ ಹೋಗಬಾರದು. ಎರಕ ಹುಯ್ಯುವವನು ಪ್ರಶ್ನೆ ಕೇಳಿದರೆ ಎದ್ದು ಯಾರ್ಡಿಗೆ ಹೋಗಿ ನೋಡಿ ಉತ್ತರ ಕೊಡಿ. ಎಷ್ಟು ಕಟ್ಟುನಿಟ್ಟಿನ ಮನುಷ್ಯ ಎಂದು ಅವರು ಅಂದುಕೊಂಡರು. ಇಂಥ ಪಾಠ ನನಗೆ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಿವೃತ್ತಿಯಾದ ವರ್ಷ, ಬೀಳ್ಕೊಡುಗೆಯ ಭಾಷಣಗಳಲ್ಲಿ ಮತ್ತೆ ಆ ಬ್ರಾಕೆಟ್ಟಿನ ಮಾತು ಬಂತು. ಮನೆಗೆ ಬಂದು ಹಾರ ತೆಗೆದಿಟ್ಟು ಹೆಂಡತಿಗೆ ಎಲ್ಲವನ್ನೂ ಹೇಳಿದೆ. "ಇಷ್ಟು ವರ್ಷ ಪಕ್ಕದಲ್ಲೇ ಇದ್ದೆನಲ್ಲ, ನನಗೂ ಹೇಳಲಿಲ್ಲ ನೀವು" ಎಂದಳು. ಆಮೇಲೆ, "ಆ ಮನುಷ್ಯ ಬದುಕಿದ್ದಾರಾ?" ಎಂದು ಕೇಳಿದಳು. ಅದೂ ನನಗೆ ಗೊತ್ತಿರಲಿಲ್ಲ.

ಬದುಕಿದ್ದರು. ಹದಿನಾರಿನಲ್ಲಿ ಬಸ್ಸಿಳಿದು ವಿಚಾರಿಸಿದರೆ ಚಿಕ್ಕ ಮಕ್ಕಳೂ ಮನೆ ತೋರಿಸಿದರು. ಮನೆಯ ಪಕ್ಕದ ಖಾಲಿ ಜಾಗದಲ್ಲಿ ಸಿಮೆಂಟಿನ ರಿಂಗುಗಳನ್ನೂ ಕಿಟಕಿಯ ಜಾಲರಿಗಳನ್ನೂ ಎರೆದು ಮಾರುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದರು. ಕೈ ತೊಳೆದುಕೊಂಡು ಬಂದು ಹಲಗೆಯ ಬೆಂಚಿನ ಮೇಲೆ ಕೂರಿಸಿದರು. ಅವರ ಹೆಂಡತಿ ಬಾಗಿಲಿಗೆ ಬಂದು ನಾನು ಯಾರೆಂದು ತಿಳಿದು, ತಿರುಗಿ ಒಳಗೆ ಹೋದರು.

"ಸಿದ್ದರಾಜು ಅವರೇ, ಅವತ್ತು ನೀವು ಬಂದು ಕೇಳಿದ್ದು ನನಗೆ ನೆನಪಿತ್ತು. ಬಾಣದ ಗುರುತು ನಾನು ಆಮೇಲೆ ಹಾಕಿದ್ದು" ಎಂದೆ.

ಅವರು ಬೆರಳಿಗೆ ಅಂಟಿದ್ದ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತಿದ್ದರು. "ಗೊತ್ತು ಸಾ" ಎಂದರು.

"ಅವತ್ತೇ ಗೊತ್ತಾಯ್ತಾ?"

"ಅವತ್ತಲ್ಲ. ಅವತ್ತು ನೀವು ನೆನಪಿಲ್ಲ ಅಂದಾಗ, ಇರ್ಬೋದು, ಸಾರ್ಗೆ ನೂರೆಂಟು ಕೆಲ್ಸ, ನಿಜವಾಗ್ಲೂ ಮರ್ತವ್ರೆ ಅಂದ್ಕಂಡೆ. ಆಮೇಕೆ ಎಲ್ಲಾ ಮನೆಗೂ ಬ್ರಾಕೆಟ್ ಹಾಕ್ಸುದ್ರಲ್ಲ, ಆಗ ತಿಳೀತು. ನೀವು ಏಳಿದ್ದು ನೆನಪಿಲ್ದೆ ಇದ್ರೆ, ಎಲ್ಲಾ ಮನೇದೂ ಉಲ್ಟಾ ಅದೆ ಅಂತ ನಿಮ್ಗೆಂಗೆ ಗೊತ್ತಾಯ್ತು?"

ನನ್ನನ್ನು ಉಳಿಸಿತು ಎಂದು ನಾನು ಅಂದುಕೊಂಡಿದ್ದೇ ನನ್ನನ್ನು ಅವರಿಗೆ ತೋರಿಸಿಕೊಟ್ಟಿತ್ತು. ಕ್ಷಮಿಸಿ ಎಂದು ಹೇಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ನಂಗೇಳಿ ಏನ್ ಸಾ ಬಂತು? ನಂಗೆ ಗೊತ್ತಿರೋದೇ. ಗೊತ್ತಿಲ್ದೆ ಇರೋರ್ಗೆ ಏಳಿ. ನಾನೂ ಶುರೂನಲ್ಲಿ ಒಂದೆರಡ್ ಸಲ ಏಳೋಕ್ಕೋದೆ, ಸಾರ್ ಮ್ಯಾಲೆ ಯಾಕೆ ಎತ್ತಾಕ್ತೀಯ ಅಂದ್ರು. ನಮ್ಮಕ್ಕ ಬಾಗ್ಲು ಹಾಕ್ಕೊಂಡ್ಳು. ಆಮೇಕೆ ಬುಟ್ಬುಟ್ಟೆ."

ಏಳುವಾಗ, ಅವರು ಎರೆದಿಟ್ಟಿದ್ದ ಜಾಲರಿಯೊಂದನ್ನು ಚೆನ್ನಾಗಿದೆ ಎಂದೆ. ಅವರು ರಿಂಗುಗಳಿಗೆ ನೀರು ಹಾಕಲು ಹೋದರು. ಅಂಥ ಮಾತಿಗೆ ಅಲ್ಲಿ ಜಾಗವಿಲ್ಲ ಎಂದು ನನಗೆ ತಿಳಿಯಬೇಕಿತ್ತು.

ಮುಂದಿನ ವಾರ ಟಿ. ನರಸೀಪುರದ ಬಸ್ಸು ಹತ್ತಿ ಬಡಾವಣೆಗೆ ಹೋದೆ. ಮಹದೇವಮ್ಮನ ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ, "ರೇಷನ್ ತರಾಕ್ಕೆ ಓಗವ್ಳೆ, ಅರ್ಧ ಗಂಟೇಲಿ ಬತ್ತಾಳೆ, ಕುಂತ್ಕಳಿ" ಎಂದರು. ನನಗೆ ಬಸ್ಸಿದೆ, ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ ವೇಗವಾಗಿ ನಡೆದೆ. ಮುಖ್ಯರಸ್ತೆ ತಲುಪಿದಾಗ ಎದೆ ಹಗುರವಾಗಿತ್ತು, ಅದನ್ನು ಮುಚ್ಚಿಡಲಾರೆ. ಮನೆಗೆ ಬಂದು ಹೆಂಡತಿಗೆ, ಅವರು ಸಿಗಲಿಲ್ಲ ಎಂದೆ. ಅವಳು ಬಿಡಿಸಿ ಕೇಳಿದಾಗ ಹೇಳಲೇಬೇಕಾಯಿತು.

"ಅರ್ಧ ಗಂಟೆ ಕಾಯೋಕ್ಕಾಗಲಿಲ್ವಾ?" ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ. ನಾಲ್ಕು ತಿಂಗಳು ನಾನೂ ಎತ್ತಲಿಲ್ಲ. ಆ ನಾಲ್ಕು ತಿಂಗಳಿಗೆ ಯಾವ ಕಾರಣವೂ ಇಲ್ಲ. ಮಳೆ ಇರಲಿಲ್ಲ, ಕಾಯಿಲೆ ಇರಲಿಲ್ಲ. ದಿನಾ ಬೆಳಿಗ್ಗೆ ಪೇಪರು ಓದಿ, ವಾಕಿಂಗ್ ಹೋಗಿ, ಊಟ ಮಾಡಿ ಮಲಗಿದೆ.

ಎರಡನೇ ಸಲ ಹೋದಾಗ ಮಹದೇವಮ್ಮ ಮನೆಯಲ್ಲೇ ಇದ್ದರು. ವಯಸ್ಸಾಗಿತ್ತು. ಎಡಗೈ ಎದೆಯ ಹತ್ತಿರ ಮಡಿಚಿಕೊಂಡೇ ಇತ್ತು. ಬಲಗೈಯಿಂದ ಸೊಪ್ಪು ಬಿಡಿಸುತ್ತಿದ್ದರು. ಯಾರು ಎಂದು ಹೇಳಿಕೊಂಡ ಮೇಲೆ, "ಮೊಳೆ ಹೊಡೀಬೇಡಿ ಅಂದಿದ್ ಸಾರಾ?" ಎಂದು ನಕ್ಕು, ಚಾಪೆ ಹಾಸಲು ಎದ್ದರು. ಕೂತರೆ ಹೇಳಲಾಗುವುದಿಲ್ಲ ಎಂದು ನಿಂತೇ ಹೇಳಿದೆ. ನಕ್ಷೆಯಲ್ಲಿ ಗುರುತು ಮರೆತದ್ದು. ತಮ್ಮ ಬಂದು ಕೇಳಿದ್ದು. ನಾನು ನೋಡದೆ ಉತ್ತರ ಕೊಟ್ಟದ್ದು. ಆಮೇಲೆ ಬಾಣ ಬರೆದದ್ದು. ವಿಚಾರಣೆಯಲ್ಲಿ ನಾನು ಕುರ್ಚಿಯಲ್ಲಿ ಕೂತು, ನಿಂತಿದ್ದ ತಮ್ಮನ ಎದುರಿಗೇ ಸುಳ್ಳು ಹೇಳಿದ್ದು.

ನನ್ನನ್ನು ಬೈಯಲಿ, ಆ ಕೈಯನ್ನು ನನ್ನ ಮುಖಕ್ಕೆ ಹಿಡಿಯಲಿ ಎಂದು ಕಾದೆ. ಅವರು ನನ್ನನ್ನು ನೋಡುತ್ತಲೇ ಇರಲಿಲ್ಲ. ಬೀದಿಯಾಚೆ ಬೀಗ ಹಾಕಿದ್ದ ತಮ್ಮನ ಮನೆಯ ಬಾಗಿಲ ಕಡೆ ನೋಡುತ್ತಿದ್ದರು.

"ಅಂಗಾರೆ ಅವನು ಮಾಡ್ಲಿಲ್ಲ?" ಎಂದರು.

"ಇಲ್ಲಮ್ಮ. ಮೊದಲನೇ ಕಂತಿನವು ಎಲ್ಲ ಸರಿಯಾಗಿ ಇದ್ದದ್ದು ಅವರಿಂದಲೇ."

"ನನ್ ಮಗಳು ರತ್ನನ್ ಮದ್ವೆ ಆಯ್ತು ಸ್ವಾಮಿ. ಅವ್ನಿಗೆ ಏಳ್ಲಿಲ್ಲ ನಾನು. ಎಲ್ರೂ ಕರಿ ಅಂದ್ರು, ನನ್ ಕೈ ಮುರ್ದೋನು ನನ್ ಮಗಳ್ನ ಮುಟ್ಟೋದು ಬ್ಯಾಡ ಅಂದೆ. ಸೋದ್ರಮಾವ ಅಂತ ಯಾರ್ನೋ ಕರ್ಕೊಂಡ್ಬಂದು ನಿಲ್ಲುಸ್ದೋ. ಒಡುಟ್ಟಿದ್ ತಮ್ಮ ಬದ್ಕಿರುವಾಗ್ಲೇ."

ಬಾಣದ ಗುರುತನ್ನು ಬರೆದಾಗ ನಾನು ಅಳಿಸಿದ್ದು ಎಷ್ಟು ಎಂದು ಅಲ್ಲಿಯವರೆಗೂ ನನಗೆ ಗೊತ್ತಿರಲಿಲ್ಲ. ಒಂದು ಕೆಲಸ, ಒಂದು ಮನೆ, ಇಷ್ಟೇ ಎಂದು ತಿಳಿದಿದ್ದೆ.

ಮಹದೇವಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಸೊಪ್ಪಿನ ಮೊರವನ್ನು ಒಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದರು. "ಬನ್ನಿ" ಎಂದರು.

ಅವರ ಹಿಂದೆ ಹೋದೆ. ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಅವರು ಜೋರಾಗಿ ಕೂಗಿ, ಅಲ್ಲಿನ ಹೆಂಗಸನ್ನೂ ಆಕೆಯ ಗಂಡನನ್ನೂ ಹೊರಗೆ ಕರೆದರು. "ನಂಗೇಳುದ್ರಲ್ಲ, ಅದ್ನ ಇವ್ರಿಗೂ ಏಳಿ. ಎಲ್ಲಾನೂ ಏಳಿ" ಎಂದರು.

ಹೇಳಿದೆ. ಅಲ್ಲಿಂದ ಮುಂದಿನ ಮನೆ. ಅಲ್ಲಿಂದ ಅದರ ಮುಂದಿನದು. ಒಂದೊಂದು ಬಾಗಿಲಲ್ಲೂ ಮೊದಲಿನಿಂದ ಶುರು ಮಾಡಬೇಕಾಯಿತು. ನಡುವೆ ಏನಾದರೂ ಬಿಟ್ಟರೆ ಮಹದೇವಮ್ಮ, "ಕೇಳಿದ್ದಕ್ಕೆ ನೆನಪಿಲ್ಲ ಅಂದ್ರಲ್ಲ, ಅದು?" ಎಂದು ನೆನಪಿಸುತ್ತಿದ್ದರು. ಜನ ಕೂಡಿದರು. ಯಾರೂ ಕೂಗಾಡಲಿಲ್ಲ. ಕೆಲವರು ತಲೆ ತಗ್ಗಿಸಿದರು. ಅವರೂ ಆಗ ಸಿದ್ದರಾಜುವಿಗೆ ಏನೇನೋ ಅಂದಿದ್ದವರು.

ಐದನೆಯ ಮನೆಯ ಮುದುಕರು ನನ್ನ ಬಿಳಿ ಕೂದಲು, ಬೆವರು ನೋಡಿ ಕರುಣೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದಲ್ಲಿಟ್ಟರು. "ಕುಂತ್ಕಳಿ ಸಾ, ಬಿಸ್ಲು ಜಾಸ್ತಿ ಅದೆ" ಎಂದರು.

ಮಹದೇವಮ್ಮ ಆ ಕುರ್ಚಿಯನ್ನು ಬಲಗೈಯಿಂದ ಹಿಂದಕ್ಕೆ ಸರಿಸಿದರು.

"ಕುಂತ್ಕಳೋದು ಬ್ಯಾಡ. ಅವತ್ತು ನನ್ ತಮ್ಮ ನಿಂತ್ಕಂಡೇ ಇದ್ದ. ಇವ್ರೂ ನಿಂತ್ಕಂಡೇ ಏಳ್ಲಿ."

ನಾನು ನಿಂತುಕೊಂಡೇ ಹೇಳಿದೆ. ಆ ಬೀದಿಯಲ್ಲಿ ಇನ್ನೂ ಹನ್ನೊಂದು ಮನೆಗಳಿದ್ದವು.